ಆಫ್ರಿಕದ ಕೈಕಸುಬಿನ ಜವಳಿ: ಉಡುಪು ಮತ್ತು ಮನೆಬಳಕೆ

ಆಫ್ರಿಕ ಖಂಡದಲ್ಲಿ ಕೈಯಿಂದಲೇ ನೂತು, ನೇಯ್ದು, ಬಡಿದು, ಹೊಲಿದು, ಬಣ್ಣ ಹಾಕಿ ತಯಾರಿಸುವ ಬಟ್ಟೆಗಳು ಹತ್ತಾರು ಬಗೆಯವು. ಘಾನಾದ ಕೆಂಟೆ, ನೈಜೀರಿಯದ ಅಸೊ ಓಕೆ ಮತ್ತು ಅಡಿರೆ, ಮಾಲಿಯ ಬೊಗೊಲಾನ್, ಬುರ್ಕಿನಾ ಫಾಸೊದ ಫಾಸೊ ದಾನ್ ಫಾನಿ, ಕ್ಯಾಮರೂನಿನ ಎನ್‌ಡೋಪ್, ಕಾಂಗೊ ದೇಶದ ಕೂಬಾ ಬಟ್ಟೆ, ಉಗಾಂಡದ ತೊಗಟೆ ಬಟ್ಟೆ, ಇಥಿಯೋಪಿಯದ ಶೆಮ್ಮ, ಮಡಗಾಸ್ಕರಿನ ಲಾಂಬ ಅವುಗಳಲ್ಲಿ ಹೆಸರಾದವು. ಹತ್ತಿ, ರೇಷ್ಮೆ, ಉಣ್ಣೆ, ತಾಳೆ ಜಾತಿಯ ಗರಿ, ಮರದ ತೊಗಟೆ ಹೀಗೆ ಕಚ್ಚಾವಸ್ತುಗಳೂ ಬೇರೆ ಬೇರೆ. ಕಳೆದ ಐದಾರು ದಶಕಗಳಲ್ಲಿ ಇವು ರಾಜಸಭೆ, ಮದುವೆ, ಶವಸಂಸ್ಕಾರಗಳ ಆವರಣ ದಾಟಿ ಪ್ಯಾರಿಸ್, ಲಂಡನ್, ಲೇಗೋಸ್‌ಗಳ ಫ್ಯಾಷನ್ ವೇದಿಕೆಗಳಿಗೂ, ದೂರದೇಶದ ಮನೆಗಳ ಗೋಡೆ, ಸೋಫಾ, ಹಾಸಿಗೆಗಳಿಗೂ ಬಂದಿವೆ. ಆದರೆ ಹಾಗೆ ಬಂದದ್ದು ಬಟ್ಟೆಯೋ ಅದರ ಚಿತ್ತಾರದ ನಕಲೋ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಈ ಜವಳಿಗಳ ವಿನ್ಯಾಸ ಹುಟ್ಟುವುದೇ ಅವುಗಳನ್ನು ಮಾಡುವ ಕ್ರಮದಿಂದ. ಮಗ್ಗದ ಅಗಲ, ಎಲೆಯ ಚೊಗರು, ಗರಿಯ ಉದ್ದ ಇವೇ ಕಣ್ಣಿಗೆ ಕಾಣುವ ಆಕೃತಿಯನ್ನು ನಿರ್ಧರಿಸುತ್ತವೆ. ಆದ್ದರಿಂದ ಹೊಸ ಬಳಕೆಯೊಂದು ಈ ಕಸುಬನ್ನು ಉಳಿಸುತ್ತದೆಯೇ ಅಥವಾ ಸವೆಸುತ್ತದೆಯೇ ಎಂದು ತಿಳಿಯಲು ಮೊದಲು ಕೇಳಬೇಕಾದದ್ದು, ಆ ಬಳಕೆಯ ಜೊತೆಗೆ ಮಾಡುವ ಕ್ರಮವೂ ಬಂದಿದೆಯೇ ಎಂದು. ಯಾರು ಉಟ್ಟರು, ಎಲ್ಲಿ ಹಾಸಿದರು ಎಂಬುದು ಆಮೇಲಿನ ಮಾತು.

ಪ್ರಾಚೀನತೆ ಮತ್ತು ವ್ಯಾಪಾರ

ಉಷ್ಣವಲಯದ ತೇವಕ್ಕೂ ಗೆದ್ದಲಿಗೂ ಸಿಕ್ಕಿ ಹಳೆಯ ಬಟ್ಟೆ ಉಳಿಯುವುದು ಅಪರೂಪ. ಆದರೂ ಆಗ್ನೇಯ ನೈಜೀರಿಯದ ಇಗ್ಬೊ ಉಕ್ವು ಉತ್ಖನನದಲ್ಲಿ ಸುಮಾರು 9ನೆಯ ಶತಮಾನದ ಬಟ್ಟೆಯ ತುಣುಕುಗಳು ಲೋಹದ ವಸ್ತುಗಳ ಜೊತೆ ಸಿಕ್ಕಿವೆ. ಮಾಲಿಯ ಬಾಂಡಿಯಾಗಾರ ಕಡಿಬಂಡೆಯ ಗುಹೆಗಳಲ್ಲಿ ಟೆಲ್ಲೆಮ್ ಎಂದು ಕರೆಯಲಾಗುವ ಜನ ತಮ್ಮ ಸತ್ತವರೊಂದಿಗೆ ಇರಿಸಿದ ಅಂಗಿ, ಟೊಪ್ಪಿಗೆ, ಹೊದಿಕೆಗಳು 11ನೆಯ ಶತಮಾನದಿಂದೀಚಿನವು. ಅವು ಹತ್ತಿ ಮತ್ತು ಉಣ್ಣೆಯ ಕಿರಿದಾದ ಪಟ್ಟಿಗಳನ್ನು ಜೋಡಿಸಿ ಹೊಲಿದವು. ಕೆಲವಕ್ಕೆ ನೀಲಿ ಬಣ್ಣದ ಗೆರೆ, ಚೌಕುಳಿಗಳಿವೆ. ಇಂದು ಪಶ್ಚಿಮ ಆಫ್ರಿಕದಲ್ಲಿ ನಡೆಯುವ ಪಟ್ಟಿ ನೇಯ್ಗೆಯ ತತ್ತ್ವ ಆಗಲೇ ಪೂರ್ಣವಾಗಿ ರೂಪುಗೊಂಡಿತ್ತೆಂಬುದಕ್ಕೆ ಇದು ಸಾಕ್ಷಿ. ಜರ್ಮನ್ ಪ್ರವಾಸಿ ಹೈನ್ರಿಖ್ ಬಾರ್ತ್ 1851ರಲ್ಲಿ ಉತ್ತರ ನೈಜೀರಿಯದ ಕಾನೊ ನಗರವನ್ನು ಕಂಡಾಗ ಅಲ್ಲಿ ನೇಯ್ದು ನೀಲಿ ಹಾಕಿದ ಬಟ್ಟೆ ಸಹಾರ ಮರುಭೂಮಿಯ ಆಚೆ ಟ್ರಿಪೋಲಿಯವರೆಗೆ ಮಾರಾಟಕ್ಕೆ ಹೋಗುತ್ತಿತ್ತು. ಕೇಪ್ ವರ್ಡ್ ದ್ವೀಪಗಳಲ್ಲಿ ಗುಲಾಮರು ನೇಯ್ದ ಪಟ್ಟಿಬಟ್ಟೆಯನ್ನೇ ಪೋರ್ಚುಗೀಸರು ಗಿನಿ ಕರಾವಳಿಯಲ್ಲಿ ಹಣದಂತೆ ಕೊಟ್ಟು ಇನ್ನಷ್ಟು ಗುಲಾಮರನ್ನು ಕೊಳ್ಳುತ್ತಿದ್ದರು. ಈ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಜನಪ್ರಿಯ ಕಲ್ಪನೆ ಬಿದ್ದುಹೋಗುತ್ತದೆ. ಆಫ್ರಿಕದ ಕೈಬಟ್ಟೆ ಹಳ್ಳಿಯೊಳಗೇ ಹುಟ್ಟಿ ಹಳ್ಳಿಯೊಳಗೇ ಸವೆಯುತ್ತಿದ್ದ ವಸ್ತುವಾಗಿರಲಿಲ್ಲ. ದೂರದ ಗಿರಾಕಿ, ಬೆಲೆಯ ಚೌಕಾಸಿ, ಬೇಡಿಕೆಗೆ ತಕ್ಕ ಮಾರ್ಪಾಡು ಇವೆಲ್ಲ ಅದರ ಇತಿಹಾಸದ ಮೊದಲ ಪುಟದಿಂದಲೂ ಇವೆ. ಹಾಗಾಗಿ ಮಾರುಕಟ್ಟೆಗೆ ಬಂದ ಮಾತ್ರಕ್ಕೆ ಪರಂಪರೆ ಕೆಟ್ಟಿತೆನ್ನುವ ವಾದಕ್ಕೆ ಆಧಾರವಿಲ್ಲ.

ಪಟ್ಟಿ ನೇಯ್ಗೆ

ಸೆನೆಗಲ್‌ನಿಂದ ನೈಜೀರಿಯದವರೆಗೆ ಹಬ್ಬಿರುವ ಪಟ್ಟಿಮಗ್ಗ ಗಾತ್ರದಲ್ಲಿ ಚಿಕ್ಕದು. ನೇಕಾರನ ಮುಂದೆ ಹಾಸಿನ ಎಳೆಗಳು ಹಲವು ಮೀಟರ್ ದೂರ ಚಾಚಿಕೊಂಡಿರುತ್ತವೆ; ಆ ತುದಿಯಲ್ಲಿ ಭಾರದ ಕಲ್ಲು ಹೇರಿದ ಜಾರುಹಲಗೆಯೊಂದು ಎಳೆಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಟ್ಟೆ ನೇಯ್ದು ಸುತ್ತಿಕೊಂಡಂತೆ ಆ ಹಲಗೆ ನೇಕಾರನ ಕಡೆಗೆ ತೆವಳುತ್ತದೆ. ಎಳೆಗಳನ್ನು ಎತ್ತಿಳಿಸುವ ದಾರಗಳನ್ನು ಅವನು ಕಾಲ್ಬೆರಳುಗಳ ನಡುವೆ ಹಿಡಿದು ಮೆಟ್ಟುತ್ತಾನೆ. ಹೊರಬರುವ ಬಟ್ಟೆಯ ಅಗಲ ಸಾಮಾನ್ಯವಾಗಿ 10 ಸೆಂಟಿಮೀಟರಿನ ಆಸುಪಾಸು. ಕಾನೊ ಸೀಮೆಯ ಒಂದು ಬಗೆಯಲ್ಲಿ ಒಂದೆರಡು ಸೆಂಟಿಮೀಟರ್ ಮಾತ್ರ. ಈ ಕಿರಿದುತನವನ್ನು ತಂತ್ರದ ಕೊರತೆಯೆಂದು ಓದಿದವರುಂಟು. ಆದರೆ ಅದರಿಂದಾಗುವ ಅನುಕೂಲಗಳನ್ನು ನೋಡಬೇಕು. ಮಗ್ಗವನ್ನು ಹೊತ್ತು ಊರೂರಿಗೆ ಹೋಗಬಹುದು, ಪಟ್ಟಿಯ ಸುರುಳಿಯನ್ನು ಅಳತೆಯ ಲೆಕ್ಕದಲ್ಲಿ ಮಾರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವಿನ್ಯಾಸವನ್ನು ಎರಡು ಹಂತದಲ್ಲಿ ಕಟ್ಟಬಹುದು. ಗಂಡಸಿನ ಕೆಂಟೆಯೊಂದಕ್ಕೆ 20ಕ್ಕೂ ಹೆಚ್ಚು ಪಟ್ಟಿಗಳು ಬೇಕು. ಒಂದೊಂದು ಪಟ್ಟಿಯಲ್ಲಿ ಹಾಸಿನ ಗೆರೆಗಳು ಎದ್ದು ಕಾಣುವ ಸಾದಾ ಭಾಗವೂ, ಹೊಕ್ಕಿನ ಎಳೆ ಹಾಸನ್ನು ಪೂರ್ತಿ ಮುಚ್ಚುವ ಚಿತ್ತಾರದ ಚೌಕವೂ ಸರದಿಯಲ್ಲಿ ಬರುತ್ತವೆ. ಪಕ್ಕದ ಪಟ್ಟಿಯಲ್ಲಿ ಇದೇ ಚೌಕ ಎಲ್ಲಿ ಬೀಳಬೇಕೆಂಬ ಲೆಕ್ಕ ನೇಕಾರನ ತಲೆಯಲ್ಲಿರುತ್ತದೆ. ಪಟ್ಟಿಗಳನ್ನು ಅಂಚಿಗೆ ಅಂಚು ಹೊಲಿದಾಗ ಮಾತ್ರ ಇಡೀ ಬಟ್ಟೆಯ ಚದುರಂಗ ಕಾಣಿಸುತ್ತದೆ. ಅಗಲದ ಮಗ್ಗದಲ್ಲಿ ಒಂದೇ ಸಲಕ್ಕೆ ನೇಯ್ದರೆ ಈ ಯೋಚನೆಗೇ ಎಡೆಯಿರುವುದಿಲ್ಲ.

ಕೆಂಟೆಯ ಹೆಸರಾಂತ ಕೇಂದ್ರ ಅಸಾಂಟೆ ಜನರ ರಾಜಧಾನಿ ಕುಮಾಸಿಯ ಬಳಿಯ ಬೊನ್ವಿರೆ. ವೋಲ್ಟಾ ಪ್ರದೇಶದ ಎವೆ ಜನರೂ ತಮ್ಮದೇ ಶೈಲಿಯ ಕೆಂಟೆಯನ್ನು ನೇಯುತ್ತಾರೆ. ಮನುಷ್ಯ, ಪ್ರಾಣಿ, ನಿತ್ಯಬಳಕೆಯ ವಸ್ತುಗಳ ಆಕಾರಗಳು ಎವೆ ಬಟ್ಟೆಯಲ್ಲಿ ಹೆಚ್ಚು. ಅಸಾಂಟೆಯಲ್ಲಿ ರೇಖೆ, ತ್ರಿಕೋನ, ಚೌಕಗಳದೇ ಆಳ್ವಿಕೆ. ಅಸಾಂಟೆ ಅರಸ ಒಪೊಕು ವಾರೆ 18ನೆಯ ಶತಮಾನದ ಮೊದಲರ್ಧದಲ್ಲಿ ಕರಾವಳಿಯ ಯುರೋಪಿಯನ್ ವರ್ತಕರಿಂದ ರೇಷ್ಮೆ ಬಟ್ಟೆ ಕೊಂಡು, ಅದರ ಎಳೆ ಬಿಚ್ಚಿಸಿ, ತನ್ನ ನೇಕಾರರಿಂದ ಮತ್ತೆ ನೇಯಿಸುತ್ತಿದ್ದನೆಂಬುದು ಡೇನಿಷ್ ವರ್ತಕರ ಬರಹದಿಂದ ತಿಳಿಯುತ್ತದೆ. ನೈಜೀರಿಯದ ಯೊರುಬ ಜನರ ಅಸೊ ಓಕೆಯಲ್ಲೂ ಇಂಥದೇ ಕತೆಯಿದೆ. ಕಾಡುರೇಷ್ಮೆಯಿಂದ ಮಾಡಿದ ಮಾಸಲು ಕಂದಿನ ಸಾನ್ಯಾನ್ ಮತ್ತು ಗಾಢನೀಲಿಯ ಎಟು ಸ್ಥಳೀಯವಾದರೆ, ಕೆಂಪಿನ ಅಲಾರಿಗೆ ಬೇಕಾದ ರೇಷ್ಮೆ ಸಹಾರ ದಾಟಿ ಬರುತ್ತಿತ್ತು. ಹೊರಗಿನ ನೂಲು ಇಷ್ಟು ಸೇರಿದ್ದರೆ ಇದನ್ನು ಆಫ್ರಿಕದ್ದೆನ್ನುವುದು ಹೇಗೆ ಎಂಬ ಆಕ್ಷೇಪ ಇಲ್ಲಿ ಸಹಜ. ಉತ್ತರವೂ ಅದೇ ಸಂಗತಿಯಲ್ಲಿದೆ. ಕೊಂಡು ತಂದ ರೇಷ್ಮೆಯನ್ನು ಹಾಗೇ ಉಡುವುದು ಸುಲಭವಿತ್ತು. ಅಷ್ಟು ಶ್ರಮಪಟ್ಟು ಬಿಚ್ಚಿ ತಮ್ಮ ಮಗ್ಗಕ್ಕೆ ಏರಿಸಿದ್ದೇ ಆ ಜನ ಯಾವುದನ್ನು ತಮ್ಮದೆಂದು ಎಣಿಸಿದ್ದರೆಂಬುದನ್ನು ತೋರಿಸುತ್ತದೆ. ನೂಲು ಎಲ್ಲಿಂದಲೋ ಬರಲಿ, ಅದನ್ನು ಹೇಗೆ ಜೋಡಿಸಬೇಕೆಂಬ ತೀರ್ಮಾನ ಅವರ ಕೈಯಲ್ಲಿತ್ತು. ಇಂದು ಅದೇ ನೇಕಾರರು ಗಿರಣಿಯ ಹತ್ತಿ ನೂಲು, ರೇಯಾನ್, ಹೊಳೆಯುವ ಜರಿ ಎಳೆ ಬಳಸುವುದನ್ನೂ ಈ ಬೆಳಕಿನಲ್ಲೇ ನೋಡಬೇಕು.

ಪಟ್ಟಿಮಗ್ಗ ಹೆಚ್ಚಾಗಿ ಗಂಡಸರದು. ಹಲವೆಡೆ ನೂಲುವುದು ಹೆಂಗಸರ ಕೆಲಸ. ಆದರೆ ಇದನ್ನು ಖಂಡಕ್ಕೆಲ್ಲ ಅನ್ವಯಿಸುವಂತಿಲ್ಲ. ನೈಜೀರಿಯದ ಅಕ್ವೆಟೆಯಲ್ಲಿ ಇಗ್ಬೊ ಹೆಂಗಸರು ನಿಲುವು ಮಗ್ಗದಲ್ಲಿ ಅಗಲವಾದ ಬಟ್ಟೆ ನೇಯುತ್ತಾರೆ. ಬುರ್ಕಿನಾ ಫಾಸೊದಲ್ಲಿ ಇಂದು ಫಾಸೊ ದಾನ್ ಫಾನಿಯನ್ನು ನೇಯುವವರಲ್ಲಿ ದೊಡ್ಡ ಪಾಲು ಹೆಂಗಸರದು. ಇಥಿಯೋಪಿಯದ ಎತ್ತರದ ನಾಡಿನಲ್ಲಿ ಹೆಂಗಸರು ನೂತ ಹತ್ತಿಯಿಂದ ಡೊರ್ಜೆ ಮೊದಲಾದ ಸಮುದಾಯಗಳ ಗಂಡಸರು ತೆಳುವಾದ ಬಿಳಿ ಬಟ್ಟೆ ನೇಯುತ್ತಾರೆ. ಅದರ ಅಂದವೆಲ್ಲ ತಿಬೆಬ್ ಎಂಬ ಬಣ್ಣದ ಅಂಚಿನಲ್ಲಿ. ಅದೇ ಬಟ್ಟೆಯನ್ನು ನಾಲ್ಕು ಪದರ ಮಾಡಿದರೆ ಚಳಿಗೆ ಹೊದೆಯುವ ಗಬಿಯಾಗುತ್ತದೆ.

ಕೆಸರು, ನೀಲಿ ಮತ್ತು ಅಂಟು

ಬಣ್ಣದ ಕೆಲಸದಲ್ಲಿ ಕ್ರಮವೇ ವಿನ್ಯಾಸವನ್ನು ಹುಟ್ಟಿಸುವುದಕ್ಕೆ ಮಾಲಿಯ ಬೊಗೊಲಾನ್ ಸ್ಪಷ್ಟವಾದ ಉದಾಹರಣೆ. ಬಮಾನ ಗಂಡಸರು ನೇಯ್ದ ಪಟ್ಟಿಬಟ್ಟೆಯನ್ನು ಹೆಂಗಸರು ಎನ್‌ಗಲ್ಲಮ ಎಂಬ ಮರದ ಎಲೆಯ ಕಷಾಯದಲ್ಲಿ ಅದ್ದುತ್ತಾರೆ, ಬಟ್ಟೆ ಹಳದಿಯಾಗುತ್ತದೆ. ಕೆರೆಯ ತಳದಿಂದ ತಂದು ಮಡಕೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೆ ಹುದುಗಿಸಿಟ್ಟ ಕೆಸರಿನಿಂದ ಅದರ ಮೇಲೆ ಬರೆಯುತ್ತಾರೆ. ಕೆಸರಿನ ಕಬ್ಬಿಣವೂ ಎಲೆಯ ಚೊಗರೂ ಕೂಡಿ ಕಪ್ಪಾಗುತ್ತದೆ. ತೊಳೆದರೆ ಕೆಸರು ಹೋಗುತ್ತದೆ, ಕಪ್ಪು ನಿಲ್ಲುತ್ತದೆ. ವಿಶೇಷವೆಂದರೆ ಹಳೆಯ ಪದ್ಧತಿಯಲ್ಲಿ ಅವರು ಚಿತ್ತಾರವನ್ನು ಬರೆಯುವುದೇ ಇಲ್ಲ, ಅದರ ಸುತ್ತಲಿನ ಜಾಗವನ್ನು ಕೆಸರಿನಿಂದ ತುಂಬುತ್ತಾರೆ. ಕೊನೆಯಲ್ಲಿ ಉಳಿದ ಹಳದಿ ಗೆರೆಗಳ ಮೇಲೆ ಕ್ಷಾರವುಳ್ಳ ಸಾಬೂನಿನ ಲೇಪ ಹಚ್ಚಿ ಬಣ್ಣ ತೆಗೆದಾಗ ಕಪ್ಪಿನ ನಡುವೆ ಬಿಳಿ ಆಕೃತಿಗಳು ಮೂಡುತ್ತವೆ. ಆ ಗೆರೆಗಳ ಸಣ್ಣ ನಡುಕ, ಒಂದು ಮೂಲೆಯಿಂದ ಇನ್ನೊಂದಕ್ಕೆ ಬದಲಾಗುವ ದಪ್ಪ ಇವು ಹಿಮ್ಮುಖವಾಗಿ ಬರೆದುದರ ಫಲ. ಬೇಟೆಗಾರರ ಅಂಗಿಗೂ, ಹೆರಿಗೆಯಂಥ ಸಂದರ್ಭದಲ್ಲಿ ಹೆಂಗಸರು ಉಡುವ ಬಟ್ಟೆಗೂ ಇದು ಸಲ್ಲುತ್ತಿತ್ತು. ಮೈಯಿಂದ ಹೊರಡುವ ಅಪಾಯದ ಶಕ್ತಿಯನ್ನು ಇದು ತಡೆಯುತ್ತದೆಂಬ ನಂಬಿಕೆ ಅದರ ಹಿಂದಿತ್ತು. 1980ರ ದಶಕದಿಂದೀಚೆಗೆ ಬಮಾಕೊ, ಸೆಗು ನಗರಗಳ ಯುವಕರು ಅಚ್ಚುಹಾಳೆ ಇಟ್ಟು ಚಿತ್ತಾರವನ್ನು ನೇರವಾಗಿಯೇ ಬರೆಯತೊಡಗಿದರು. ಇದನ್ನು ಅವನತಿಯೆನ್ನುವವರಿದ್ದಾರೆ. ಎಲೆ, ಕೆಸರು, ಕೈ ಮೂರೂ ಉಳಿದಿರುವಾಗ ಅದನ್ನು ಅದೇ ಕಸುಬಿನ ವೇಗದ ರೂಪವೆಂದು ಕರೆಯುವುದೇ ನ್ಯಾಯ. ಕೆಸರನ್ನೇ ಕಾಣದ ಪರದೆಯಚ್ಚಿನ ಬಟ್ಟೆಯ ಮಾತು ಬೇರೆ.

ನೀಲಿಯ ಬಣ್ಣಗಾರಿಕೆ ಪಶ್ಚಿಮ ಆಫ್ರಿಕದ ಇನ್ನೊಂದು ದೊಡ್ಡ ವಿದ್ಯೆ. ಕಾನೊದ ಕೋಫರ್ ಮಾತಾ ಬಣ್ಣದ ಗುಂಡಿಗಳು 1498ರಲ್ಲಿ ಆರಂಭವಾದವೆಂಬುದು ಅಲ್ಲಿಯ ಪರಂಪರೆಯ ಮಾತು. ನೀಲಿ ಹಾಕಿ ಬಡಿದು ಲೋಹದಂತೆ ಹೊಳೆಸಿದ ಬಟ್ಟೆಯೇ ಟುವಾರೆಗ್ ಜನರ ಪ್ರಸಿದ್ಧ ಮುಂಡಾಸು. ಯೊರುಬ ಹೆಂಗಸರ ಅಡಿರೆ ಇದರ ಇನ್ನೊಂದು ಕವಲು. ಅಬೆಒಕುಟ ಅದರ ಮನೆ. ಬಟ್ಟೆಯನ್ನು ಗಂಟು ಕಟ್ಟಿ ಇಲ್ಲವೇ ಮರಗೆಣಸಿನ ಗಂಜಿಯನ್ನು ಕೋಳಿಪುಕ್ಕದಿಂದ ಬಳಿದು ನೀಲಿಯಲ್ಲಿ ಅದ್ದುತ್ತಾರೆ. ಗಂಜಿ ಇದ್ದಲ್ಲಿ ನೀಲಿ ತಾಕುವುದಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಇದು ಅರಳಿದ್ದು ಆಮದಾದ ಗಿರಣಿಯ ಬಿಳಿ ಬಟ್ಟೆಯ ಮೇಲೆ. ಆ ನುಣುಪಾದ ಮೈ ಇಲ್ಲದೆ ಪುಕ್ಕದ ಅಷ್ಟು ಸೂಕ್ಷ್ಮ ಬರಹ ಸಾಧ್ಯವಿರಲಿಲ್ಲ. 1935ರಲ್ಲಿ ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಯ ರಜತ ಮಹೋತ್ಸವದ ಚಿತ್ರಗಳನ್ನು ನೋಡಿ ರಾಜ-ರಾಣಿಯರ ಮುಖಗಳುಳ್ಳ ಅಡಿರೆಯನ್ನೂ ಅವರು ಮಾಡಿದರು. ಕ್ಯಾಮರೂನಿನ ಎನ್‌ಡೋಪ್‌ನಲ್ಲಿ ಗಂಜಿಯ ಬದಲು ಹೊಲಿಗೆಯೇ ಬಣ್ಣವನ್ನು ತಡೆಯುತ್ತದೆ. ರಾಫಿಯ ಎಂಬ ತಾಳೆಯ ನಾರಿನಿಂದ ಬಟ್ಟೆಯನ್ನು ಬಿಗಿಯಾಗಿ ಹೊಲಿದು, ನೀಲಿಯಲ್ಲಿ ಅದ್ದಿ, ಹೊಲಿಗೆ ಬಿಚ್ಚಿದಾಗ ಬಿಳಿಯ ಗೆರೆಗಳು ತೆರೆದುಕೊಳ್ಳುತ್ತವೆ. ಅರಸರ ಆವರಣದ ಉತ್ಸವಗಳಲ್ಲಿ ಹಿಂದೆ ಕಟ್ಟುವ ತೆರೆಯಾಗಿ ಇದು ಬಳಕೆಯಲ್ಲಿತ್ತು. ಗೋಡೆಯ ಅಲಂಕಾರವಾಗಿ ಇಂದು ಇದನ್ನು ತೂಗುಹಾಕುವುದು ಅದರ ಮೂಲ ಬಳಕೆಗೆ ಹತ್ತಿರವೇ ಆಗಿದೆ.

ಗರಿ ಮತ್ತು ತೊಗಟೆ

ಕಾಂಗೊ ಜಲಾನಯನದ ಕಸಾಯ್ ಪ್ರದೇಶದ ಕೂಬಾ ಜನ ರಾಫಿಯ ತಾಳೆಯ ಎಳೆಗರಿಯನ್ನು ಸೀಳಿ ನೇಯುತ್ತಾರೆ. ನೂಲದೆ, ಗಂಟು ಹಾಕದೆ ನೇಯುವುದರಿಂದ ಗರಿ ಎಷ್ಟು ಉದ್ದವೋ ಬಟ್ಟೆಯೂ ಅಷ್ಟೇ. ಹಾಗಾಗಿ ಇವು ಸಣ್ಣ ಚೌಕಗಳಾಗಿಯೇ ಹುಟ್ಟುತ್ತವೆ. ಗಂಡಸರು ನೇಯ್ದ ಒರಟು ತುಂಡನ್ನು ಒನಕೆಯಿಂದ ಕುಟ್ಟಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಹೆಂಗಸರು ನಾರನ್ನು ಎಳೆಗಳ ಅಡಿಯಿಂದ ತೂರಿಸಿ, ಎರಡೂ ತುದಿ ಕತ್ತರಿಸಿ, ಮಖಮಲಿನಂಥ ಮೈ ಬರಿಸುತ್ತಾರೆ. ಚಿತ್ತಾರವನ್ನು ಮೊದಲೇ ಗುರುತು ಹಾಕಿಕೊಳ್ಳುವುದಿಲ್ಲ. ಅದು ನಡುವೆ ದಾರಿ ಬದಲಿಸುತ್ತದೆ, ಒಡೆಯುತ್ತದೆ, ಮತ್ತೆ ಕೂಡುತ್ತದೆ. ಫ್ರೆಂಚ್ ಚಿತ್ರಕಾರ ಹೆನ್ರಿ ಮಾತೀಸ್ ಇಂಥ ಬಟ್ಟೆಗಳನ್ನು ಸಂಗ್ರಹಿಸಿ ತಮ್ಮ ಗೋಡೆಗೆ ಹಚ್ಚಿಕೊಂಡಿದ್ದರು. ಕೂಬಾಗಳಲ್ಲಿ ಇವು ಸತ್ತವರ ಜೊತೆ ಮಣ್ಣಿಗೆ ಹೋಗುವ ಸಂಪತ್ತು. ಹಲವು ಮೀಟರ್ ಉದ್ದದ ಲಂಗಗಳನ್ನು ಮನೆತನದ ಅನೇಕ ಕೈಗಳು ಸೇರಿ ಸಿದ್ಧಪಡಿಸುತ್ತವೆ.

ಉಗಾಂಡದ ಬುಗಾಂಡ ರಾಜ್ಯದ ತೊಗಟೆ ಬಟ್ಟೆಗೆ ಮಗ್ಗವೇ ಬೇಡ. ಮಳೆಗಾಲದಲ್ಲಿ ಮುಟುಬ ಎಂಬ ಅತ್ತಿಜಾತಿಯ ಮರದ ಒಳತೊಗಟೆಯನ್ನು ಬಿಡಿಸಿ, ಗಾಯಕ್ಕೆ ಬಾಳೆಯೆಲೆ ಸುತ್ತುತ್ತಾರೆ. ಮರ ಮತ್ತೆ ತೊಗಟೆ ಕಟ್ಟುತ್ತದೆ. ಗೀರುಗಳಿರುವ ಮರದ ಸುತ್ತಿಗೆಗಳಿಂದ ಗಂಟೆಗಟ್ಟಲೆ ಬಡಿದಾಗ ತೊಗಟೆ ಹಲವು ಪಟ್ಟು ಅಗಲವಾಗಿ ಮೆತ್ತನೆಯ ಮಣ್ಣುಗೆಂಪಿನ ಬಟ್ಟೆಯಾಗುತ್ತದೆ. ಈ ಕಸುಬಿಗೆ ಎನ್‌ಗೊಂಗೆ ಕುಲದವರು ಹೆಸರಾದವರು. ಕರಾವಳಿಯ ವರ್ತಕರು 19ನೆಯ ಶತಮಾನದಲ್ಲಿ ಹತ್ತಿ ಬಟ್ಟೆ ತಂದ ಮೇಲೆ ಇದು ನಿತ್ಯದ ಉಡುಗೆಯಾಗಿ ಕುಗ್ಗಿ, ಪಟ್ಟಾಭಿಷೇಕಕ್ಕೂ ಶವಸಂಸ್ಕಾರಕ್ಕೂ ಸೀಮಿತವಾಯಿತು. ಯುನೆಸ್ಕೊ 2005ರಲ್ಲಿ ಇದನ್ನು ಮನುಕುಲದ ಪರಂಪರೆಯೆಂದು ಸಾರಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಇಂದು ಇದರಿಂದ ಚೀಲ, ದೀಪದ ಮುಸುಕು, ಗೋಡೆಯ ಹೊದಿಕೆಗಳಾಗುತ್ತಿವೆ. ನೀರು ತಗುಲಿದರೆ ಕೆಡುವ, ತೊಳೆಯಲಾಗದ ಈ ವಸ್ತು ಉಡುಪಿಗಿಂತ ಮನೆಯ ಅಲಂಕಾರಕ್ಕೇ ಹೆಚ್ಚು ಒಗ್ಗುತ್ತದೆ.

ಉಡುಪು, ರಾಜಕಾರಣ, ಫ್ಯಾಷನ್

ವಸಾಹತುಗಳು ಸ್ವತಂತ್ರವಾದ ಕಾಲದಲ್ಲಿ ಕೈಬಟ್ಟೆ ರಾಜಕೀಯದ ಮಾತಾಯಿತು. 1957ರ ಮಾರ್ಚ್ 6ರ ನಡುರಾತ್ರಿ ಘಾನಾದ ಸ್ವಾತಂತ್ರ್ಯವನ್ನು ಸಾರಿದಾಗ ಕ್ವಾಮೆ ಎನ್‌ಕ್ರುಮಾ ತೊಟ್ಟದ್ದು ಉತ್ತರ ಘಾನಾದ ಪಟ್ಟಿಬಟ್ಟೆಯ ಫುಗು ಅಂಗಿ. 1958ರ ವಾಷಿಂಗ್ಟನ್ ಭೇಟಿಯಲ್ಲಿ ಕೆಂಟೆ. ಒಂದು ಸಾಮಾನ್ಯರದು, ಇನ್ನೊಂದು ಅರಸರದು. ಎರಡನ್ನೂ ದೇಶದ ಉಡುಪಾಗಿ ತೋರಿಸುವ ಲೆಕ್ಕಾಚಾರ ಅದರಲ್ಲಿತ್ತು. ಬುರ್ಕಿನಾ ಫಾಸೊವನ್ನು 1983ರಿಂದ 1987ರವರೆಗೆ ಆಳಿದ ಥಾಮಸ್ ಸಂಕಾರಾ ಇನ್ನೂ ಮುಂದೆ ಹೋಗಿ ಸರ್ಕಾರಿ ನೌಕರರು ಫಾಸೊ ದಾನ್ ಫಾನಿ ತೊಡಬೇಕೆಂದು ವಿಧಿಸಿದರು. 1987ರಲ್ಲಿ ಆಡಿಸ್ ಅಬಾಬದ ಆಫ್ರಿಕನ್ ಏಕತಾ ಸಂಘಟನೆಯ ಸಭೆಯಲ್ಲಿ, ತಮ್ಮ ನಿಯೋಗದವರು ತೊಟ್ಟ ಬಟ್ಟೆಯ ಹತ್ತಿ ಬೆಳೆದದ್ದೂ, ನೇಯ್ದು ಹೊಲಿದದ್ದೂ ತಮ್ಮ ನಾಡಿನಲ್ಲೇ ಎಂದು ಹೇಳಿ ಅವರು ಸಾಲದ ವಿರುದ್ಧದ ತಮ್ಮ ವಾದಕ್ಕೆ ಬಟ್ಟೆಯನ್ನೇ ಸಾಕ್ಷಿಯಾಗಿಸಿದರು. ಹತ್ತಿಯನ್ನು ಬೆಳೆದು ಬಹುಪಾಲನ್ನು ಕಚ್ಚಾರೂಪದಲ್ಲೇ ರಫ್ತು ಮಾಡುವ ದೇಶದಲ್ಲಿ ಇದು ಭಾವುಕ ಘೋಷಣೆಗಿಂತ ಹೆಚ್ಚಿನದು. ಕಡ್ಡಾಯಕ್ಕೆ ವಿರೋಧವೂ ಇತ್ತು, ಸಂಕಾರಾ ಕೊಲೆಯಾದ ಮೇಲೆ ಅದು ಬಿದ್ದೂ ಹೋಯಿತು. ಆದರೆ ಆ ನಾಲ್ಕು ವರ್ಷಗಳಲ್ಲಿ ನೇಯ್ಗೆ ಕಲಿತ ಹೆಂಗಸರ ಕೈ ಉಳಿಯಿತು. ಮುಂದೆ ವಿದೇಶಿ ವಿನ್ಯಾಸಕಾರರು ಬಂದಾಗ ಅಲ್ಲಿ ನೇಕಾರರಿಗೆ ಬರವಿರಲಿಲ್ಲ.

ಫ್ಯಾಷನ್ ಲೋಕಕ್ಕೆ ಈ ಬಟ್ಟೆಗಳನ್ನು ಒಯ್ದವರಲ್ಲಿ ಮಾಲಿಯ ಕ್ರಿಸ್ ಸೇಡು (1949–1994) ಮೊದಲ ಸಾಲಿನವರು. ಕಾಟಿ ಊರಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಪಳಗಿದ ಅವರು ಬೊಗೊಲಾನನ್ನು ಕೋಟು, ಮೋಟು ಲಂಗಗಳಾಗಿ ಹೊಲಿದರು. ಸಂಪ್ರದಾಯದ ಬಟ್ಟೆಗೆ ಕತ್ತರಿ ಹಾಕಲು ಅವರಿಗೇ ಮೊದಲು ಅಳುಕಿತ್ತು. ಜೊತೆಗೆ ತಾಂತ್ರಿಕ ತೊಡಕೂ ಇತ್ತು: ಒಂದೇ ಹೊದಿಕೆಯಲ್ಲಿ ಚಿತ್ತಾರ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಎರಡು ತೋಳನ್ನು ಹೊಂದಿಸುವುದು ಕಷ್ಟ. ಅದಕ್ಕಾಗಿ ಅವರು ಆಕೃತಿಗಳನ್ನು ಸರಳಗೊಳಿಸಿ ಬರೆಸಿದರು, ಗಿರಣಿಯ ಮುದ್ರಣಕ್ಕೂ ವಿನ್ಯಾಸ ಕೊಟ್ಟರು. ಅದೇ ಕಾಲದಲ್ಲಿ, 1978ರಲ್ಲಿ ಬಮಾಕೊದ ಕಲಾವಿದ್ಯಾರ್ಥಿಗಳು ಕಟ್ಟಿದ ಬೊಗೊಲಾನ್ ಕಾಸೊಬಾನೆ ಗುಂಪು ಕೆಸರಿನ ತಂತ್ರವನ್ನೇ ಹಿಡಿದು ಚಿತ್ರಕಲೆಗೂ ರಂಗಭೂಮಿಗೂ ಅದನ್ನು ಒಗ್ಗಿಸಿತು. ಮುಂದಿನ ತಲೆಮಾರಿನಲ್ಲಿ ನೈಜರ್ ದೇಶದ ಅಲ್ಫಾದಿ 1998ರಲ್ಲಿ ಆಫ್ರಿಕದ ಫ್ಯಾಷನ್ ಉತ್ಸವವನ್ನು ಆರಂಭಿಸಿದರು. ಲೇಗೋಸಿನ ಅಮಾಕಾ ಒಸಾಕ್ವೆ ತಮ್ಮ ಮಾಕಿ ಓ ಸಂಸ್ಥೆಯ ಮೂಲಕ ಅಡಿರೆಯನ್ನು ರೇಷ್ಮೆಗೆ ತಂದರು. ಕೆನೆತ್ ಇಜೆ ಅಸೊ ಓಕೆಯನ್ನು 2020ರಲ್ಲಿ ಪ್ಯಾರಿಸ್ ವೇದಿಕೆಗೇರಿಸಿದರು. ಈ ಬಗೆಯ ಕೆಲಸದಲ್ಲಿ ಗಮನಿಸಬೇಕಾದದ್ದು ವಿನ್ಯಾಸಕಾರರು ಮಗ್ಗದ ಬಳಿಗೇ ಹೋದದ್ದು. ಬೇಕಾದ ಬಣ್ಣ, ಬೇಕಾದ ಉದ್ದವನ್ನು ನೇಕಾರರೊಂದಿಗೆ ಕೂತು ತೀರ್ಮಾನಿಸಿದರೆ ಪಟ್ಟಿಯ ಕಿರಿದುತನ ತೊಡಕಾಗುವ ಬದಲು ಉಡುಪಿನ ಗೆರೆಯೇ ಆಗುತ್ತದೆ.

ಅಚ್ಚಿನ ಬಟ್ಟೆಯ ಪ್ರಶ್ನೆ

ಜಗತ್ತಿನ ಹೆಚ್ಚಿನವರು ಆಫ್ರಿಕದ ಬಟ್ಟೆಯೆಂದು ಗುರುತಿಸುವ ಹೊಳಪಿನ ಮೇಣದಚ್ಚಿನ ಬಟ್ಟೆ ಹುಟ್ಟಿನಿಂದ ಕಾರ್ಖಾನೆಯದು. ಜಾವಾದ ಬಾತಿಕ್ ಅನ್ನು ಯಂತ್ರದಲ್ಲಿ ಅನುಕರಿಸಲು ಹೊರಟ ಡಚ್ಚರ ಸರಕು 19ನೆಯ ಶತಮಾನದ ಕೊನೆಗೆ ಪಶ್ಚಿಮ ಆಫ್ರಿಕದಲ್ಲಿ ನೆಲೆ ಕಂಡಿತು. 1846ರಲ್ಲಿ ಡಚ್ ಊರಾದ ಹೆಲ್ಮಂಡ್‌ನಲ್ಲಿ ಸ್ಥಾಪನೆಯಾದ ವ್ಲಿಸ್ಕೊ ಇಂದಿಗೂ ಅದರ ದೊಡ್ಡ ತಯಾರಕ. ಆದರೆ ಇದನ್ನು ಪರದೇಶದ ಹೇರಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಚಿತ್ತಾರಗಳಿಗೆ ಹೆಸರಿಟ್ಟವರು, ಯಾವುದು ಓಡುತ್ತದೆ ಯಾವುದು ಓಡುವುದಿಲ್ಲ ಎಂದು ತೀರ್ಮಾನಿಸಿದವರು ಆಫ್ರಿಕದ ಮಾರುಕಟ್ಟೆಯ ಹೆಂಗಸರು. ಟೋಗೊದ ಲೋಮೆಯಲ್ಲಿ ಈ ವ್ಯಾಪಾರದಿಂದ ಸಿರಿವಂತರಾದವರನ್ನು ಅವರು ಓಡಾಡುತ್ತಿದ್ದ ಕಾರಿನಿಂದಾಗಿ ನಾನಾ ಬೆಂಜ್ ಎಂದೇ ಕರೆಯುತ್ತಿದ್ದರು. ಮೇಣದಚ್ಚು ತನ್ನದೇ ಇತಿಹಾಸವುಳ್ಳ ಬೇರೊಂದು ಬಟ್ಟೆ. ತಕರಾರು ಇರುವುದು ಕೆಂಟೆಯ ಚದುರಂಗವನ್ನೋ ಬೊಗೊಲಾನಿನ ಗೆರೆಯನ್ನೋ ಯಂತ್ರದಲ್ಲಿ ಮುದ್ರಿಸಿ ಅದೇ ಹೆಸರಿನಲ್ಲಿ ಮಾರುವುದರ ಬಗ್ಗೆ. ಅಮೆರಿಕದ ಪದವಿ ಸಮಾರಂಭಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಮ್ಮೆಯಿಂದ ಕೊರಳಿಗೆ ಹಾಕುವ ಕೆಂಟೆ ಪಟ್ಟಿಗಳಲ್ಲೂ ಯಂತ್ರದವೇ ಬಹಳ.

ಅಚ್ಚಿನ ಪರವಾಗಿ ಎರಡು ಗಟ್ಟಿಯಾದ ಮಾತುಗಳಿವೆ. ಕೈಬಟ್ಟೆ ದುಬಾರಿ, ಸಾಮಾನ್ಯ ಘಾನಾದವರಿಗೂ ಮಾಲಿಯವರಿಗೂ ಅದು ಎಟುಕದು. ಅಗ್ಗದ ಅಚ್ಚು ಆ ಗುರುತನ್ನು ಎಲ್ಲರಿಗೂ ತಲುಪಿಸುತ್ತದೆ ಎಂಬುದು ಒಂದು. ನಕಲು ಹರಡಿದಷ್ಟೂ ಮೂಲದ ಕೀರ್ತಿ ಬೆಳೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯಾಂಶವಿದೆ; ದಿನದ ಉಡುಪಿಗೆ ಅಲ್ಲಿಯ ಬಡವರು ಕೈಬಟ್ಟೆ ಕೊಳ್ಳುವುದಿರಲಿ, ಶ್ರೀಮಂತ ದೇಶಗಳಿಂದ ಮೂಟೆಗಳಲ್ಲಿ ಬರುವ ಹಳೆಬಟ್ಟೆಯನ್ನೇ ನೆಚ್ಚಿದ್ದಾರೆ. ಅಕ್ರಾದ ಕಂಟಮಾಂಟೊ ಅಂಥ ವ್ಯಾಪಾರದ ದೊಡ್ಡ ಮಾರುಕಟ್ಟೆ. ರುವಾಂಡ ಈ ಆಮದಿನ ಮೇಲೆ ಸುಂಕ ಏರಿಸಿದ್ದಕ್ಕೆ 2018ರಲ್ಲಿ ಅಮೆರಿಕ ಅದರ ಸಿದ್ಧ ಉಡುಪುಗಳಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನೇ ತಡೆಹಿಡಿಯಿತು. ಇಷ್ಟಾದರೂ ಈ ವಾದ ಕೈಬಟ್ಟೆಯ ಸ್ಥಾನವನ್ನು ತಪ್ಪಾಗಿ ಗ್ರಹಿಸುತ್ತದೆ. ಕೆಂಟೆ, ಅಸೊ ಓಕೆಗಳು ನಿತ್ಯದ ಬಟ್ಟೆಗಳಾಗಿರಲೇ ಇಲ್ಲ. ಮದುವೆಗೋ ಹಬ್ಬಕ್ಕೋ ಕೊಂಡು ತಲೆಮಾರುಗಳ ಕಾಲ ಇಟ್ಟುಕೊಳ್ಳುವವು. ಅವುಗಳ ಸ್ಪರ್ಧೆ ಅಗ್ಗದ ದಿನಬಳಕೆಯ ಬಟ್ಟೆಯ ಜೊತೆಗಲ್ಲ, ಅದೇ ಸಂದರ್ಭಕ್ಕೆ ಅದೇ ಹೆಸರಿನಲ್ಲಿ ಬರುವ ನಕಲಿನ ಜೊತೆಗೆ. ಎರಡನೆಯ ವಾದಕ್ಕೆ ಉತ್ತರ, ಕೀರ್ತಿ ಬೆಳೆಯುತ್ತದೆ, ಆದರೆ ಅದರ ಫಲ ನೇಕಾರನಿಗೆ ಮುಟ್ಟಬೇಕಾದರೆ ಕೊಳ್ಳುವವರಿಗೆ ಎರಡರ ವ್ಯ‌ತ್ಯಾಸ ತಿಳಿದಿರಬೇಕು ಎಂಬುದು. ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದೇ. ಕೈಬಟ್ಟೆಯಲ್ಲಿ ಪಟ್ಟಿಗಳ ನಡುವೆ ಹೊಲಿಗೆಯಿರುತ್ತದೆ, ಚಿತ್ತಾರ ನೇಯ್ಗೆಯ ಎಳೆಗಳಲ್ಲೇ ಇರುತ್ತದೆ. ಅಚ್ಚಿನ ಬಟ್ಟೆಗೆ ಹೊಲಿಗೆ ಇರದು, ಹಿಂಬದಿಯ ಬಣ್ಣ ಹೆಚ್ಚಾಗಿ ಮಂಕಾಗಿರುತ್ತದೆ.

ಮನೆಯೊಳಗೆ

ಸಾವಿನ, ಹೆರಿಗೆಯ, ರಾಜತ್ವದ ಬಟ್ಟೆಯನ್ನು ದಿಂಬಿನ ಚೀಲ ಮಾಡುವುದು ಅಪಚಾರವೆಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಹಳೆಯ ಕೂಬಾ ಲಂಗವನ್ನೋ ಶವಸಂಸ್ಕಾರದ ಹೊದಿಕೆಯನ್ನೋ ಕತ್ತರಿಸಿ ಮಾರುವುದು ನಿಜಕ್ಕೂ ನಷ್ಟ. ಅವು ಇನ್ನೊಮ್ಮೆ ಹುಟ್ಟುವುದಿಲ್ಲ. ಆದರೆ ಮಾರಾಟಕ್ಕೆಂದೇ ಇಂದು ಮಾಡಿದ ಬಟ್ಟೆಯ ವಿಷಯ ಹಾಗಲ್ಲ. ಸೆಗುವಿನ ಕೆಲಸಗಾರರು ತಾವೇ ಹೊದಿಕೆ, ಮೇಜಿನ ಹಾಸು, ದಿಂಬಿನ ಚೀಲಗಳ ಅಳತೆಗೆ ಬೊಗೊಲಾನ್ ಮಾಡುತ್ತಿದ್ದಾರೆ. ಒಂದು ದೃಷ್ಟಿಯಿಂದ ಮನೆಬಳಕೆ ಈ ಜವಳಿಗಳಿಗೆ ಹೊಲಿಸಿದ ಉಡುಪಿಗಿಂತ ಹೆಚ್ಚು ಹೊಂದುತ್ತದೆ. ಮೈಗೆ ತಕ್ಕಂತೆ ಕತ್ತರಿಸಿದಾಗ ಪಟ್ಟಿಗಳ ಲೆಕ್ಕ ತಪ್ಪುತ್ತದೆ, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ, ತುಂಡುಗಳು ವ್ಯರ್ಥವಾಗುತ್ತವೆ. ಹಾಸಿಗೆಯ ಮೇಲೆ ಹಾಸಿದರೆ, ಗೋಡೆಗೆ ತೂಗಿದರೆ ಬಟ್ಟೆ ಇಡಿಯಾಗಿ ಉಳಿಯುತ್ತದೆ. ಕೂಬಾ ಚೌಕ ಇದ್ದ ಹಾಗೇ ಚೌಕಟ್ಟಿಗೂ ದಿಂಬಿಗೂ ಸರಿಹೊಂದುತ್ತದೆ. ಉಜ್ಜಾಟ ಹೆಚ್ಚಿರುವ ಆಸನಗಳಿಗೆ ದಪ್ಪ ಹತ್ತಿಯ ಪಟ್ಟಿಬಟ್ಟೆ ಬಾಳಿಕೆ ಬರುತ್ತದೆ, ರಾಫಿಯವೂ ತೊಗಟೆಯೂ ಬರುವುದಿಲ್ಲ. ಬೊಗೊಲಾನಿನ ಕಪ್ಪಿನಲ್ಲಿರುವ ಕಬ್ಬಿಣ ಕಾಲಾಂತರದಲ್ಲಿ ಎಳೆಯನ್ನು ತಿನ್ನುತ್ತದೆ. ನೀಲಿ ಮೊದಮೊದಲು ಕೈಗೆ ಅಂಟುತ್ತದೆ. ಎಲ್ಲಕ್ಕೂ ನೇರ ಬಿಸಿಲು ಕೆಟ್ಟದ್ದು.

ಭಾರತದ ನಂಟು

ಆಫ್ರಿಕದ ಜವಳಿಯ ಇತಿಹಾಸದಲ್ಲಿ ಭಾರತದ ಎಳೆ ಹಳೆಯದು. ಪುದುಚೇರಿಯಲ್ಲಿ ನೀಲಿ ಹಾಕಿದ ಹತ್ತಿ ಬಟ್ಟೆ 18 ಮತ್ತು 19ನೆಯ ಶತಮಾನಗಳಲ್ಲಿ ಸೆನೆಗಲ್ ನದಿಯ ಅಂಟು ವ್ಯಾಪಾರದಲ್ಲಿ ನಾಣ್ಯದಂತೆ ನಡೆಯಿತು. ನೈಜರ್ ನದಿಮುಖಜದ ಕಲಬಾರಿ ಹೆಂಗಸರು ಮದ್ರಾಸ್ ಚೌಕುಳಿ ಬಟ್ಟೆ ಕೊಂಡು, ಅದರ ಕೆಲವು ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಹೊಸದೇ ಒಂದು ಚಿತ್ತಾರ ಹುಟ್ಟಿಸುತ್ತಾರೆ. ಅದು ಅವರ ಕುಲದ ಹೆಮ್ಮೆಯ ಬಟ್ಟೆ. ಎಳೆ ಸೇರಿಸಿ ಮಾಡುವ ನೇಯ್ಗೆಗೆ ಎಳೆ ಕಳೆದು ಕೊಟ್ಟ ಉತ್ತರ ಇದು. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಯನ್ನೂ ಇಲ್ಲಿ ನೆನೆಯಬೇಕು. ಆಫ್ರಿಕದಿಂದ ಬಂದವರ ಸಂತತಿಯಾದ ಈ ಸಮುದಾಯದವರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿದು, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಕಟ್ಟುತ್ತಾರೆ. ಅದರ ದಿಟ್ಟ ಬಣ್ಣಗಳಲ್ಲಿ ಆಫ್ರಿಕದ ನೆನಪನ್ನು ಕಾಣುವ ವಿದ್ವಾಂಸರಿದ್ದಾರೆ. ಆದರೆ ಕೌದಿ ಉತ್ತರ ಕರ್ನಾಟಕದ ಮನೆಮನೆಯದೂ ಹೌದು. ಆದ್ದರಿಂದ ಇದನ್ನು ನೇರವಾದ ಬಳುವಳಿಯೆನ್ನುವುದಕ್ಕಿಂತ, ಸಿಕ್ಕ ನೆಲದ ಕಸುಬನ್ನು ತಮ್ಮ ಕಣ್ಣಿನಿಂದ ಬೆಳೆಸಿದ್ದು ಎನ್ನುವುದು ಹೆಚ್ಚು ಸುರಕ್ಷಿತ.

ರಕ್ಷಣೆ ಮತ್ತು ಮುಂದಿನ ದಾರಿ

ಘಾನಾ 1985ರ ಹಕ್ಕುಸ್ವಾಮ್ಯ ಕಾನೂನಿನಲ್ಲೇ ಜಾನಪದ ವಿನ್ಯಾಸಗಳಿಗೆ ರಕ್ಷಣೆ ಕೊಟ್ಟು, 2005ರ ಕಾನೂನಿನಲ್ಲಿ ಅದನ್ನು ಮುಂದುವರಿಸಿತು. ಆದರೆ ಒಂದು ದೇಶದ ಕಾನೂನು ಇನ್ನೊಂದು ದೇಶದ ಮುದ್ರಣ ಕಾರ್ಖಾನೆಯನ್ನು ತಡೆಯಲಾರದು. ಅಲ್ಲದೆ ಹಕ್ಕುಸ್ವಾಮ್ಯ ಗುರುತಿಸುವುದು ಚಿತ್ರವನ್ನು. ಸಾವಿರ ಕೈಗಳು ತಲೆಮಾರುಗಳಿಂದ ಬದಲಿಸುತ್ತ ಬಂದ ಚಿತ್ರಕ್ಕೆ ಒಬ್ಬ ಕರ್ತೃವನ್ನು ಹುಡುಕುವುದು ಕಷ್ಟ. ಯುನೆಸ್ಕೊ 2024ರ ಡಿಸೆಂಬರಿನಲ್ಲಿ ಕೆಂಟೆ ನೇಯ್ಗೆಯ ಕುಶಲತೆಯನ್ನು ತನ್ನ ಪಟ್ಟಿಗೆ ಸೇರಿಸಿದ್ದು ಗೌರವದ ಮಾತು, ಮಾರುಕಟ್ಟೆಯ ಹಕ್ಕನ್ನು ಅದು ಕೊಡುವುದಿಲ್ಲ. ಆದರೂ ಪಟ್ಟಿಗೆ ಸೇರಿದ್ದು ಚಿತ್ತಾರವಲ್ಲ, ಮಾಡುವ ಕುಶಲತೆ ಎಂಬುದನ್ನು ಗಮನಿಸಬೇಕು. ಕಾನೂನೂ ಅದೇ ದಾರಿ ಹಿಡಿದರೆ ಹೆಚ್ಚು ಗಟ್ಟಿಯಾಗುತ್ತದೆ. ಇಂಥ ಊರಿನಲ್ಲಿ, ಇಂಥ ಮಗ್ಗದಲ್ಲಿ, ಕೈಯಿಂದ ನೇಯ್ದದ್ದಕ್ಕೆ ಮಾತ್ರ ಈ ಹೆಸರು ಎಂಬ ನಿಯಮವನ್ನು ಪರೀಕ್ಷಿಸಬಹುದು. ಒಂದು ಗೆರೆ ಯಾರದೆಂದು ವಾದಿಸುವುದಕ್ಕೆ ಕೊನೆಯಿಲ್ಲ.

ಕೈಕಸುಬಿಗೆ ದೊಡ್ಡ ಬೇಡಿಕೆ ಪೂರೈಸುವ ಶಕ್ತಿಯಿಲ್ಲ, ಆದ್ದರಿಂದ ಅದಕ್ಕೆ ಭವಿಷ್ಯವಿಲ್ಲ ಎಂಬುದು ಕೊನೆಯ ಆಕ್ಷೇಪ. ಯಂತ್ರದಷ್ಟು ಅದು ಎಂದೂ ನೇಯಲಾರದು, ನಿಜ. ಆದರೆ ಪಟ್ಟಿಮಗ್ಗಕ್ಕೆ ವಿದ್ಯುತ್ತು ಬೇಡ, ಬಂಡವಾಳ ಕಡಿಮೆ, ಜಾಗ ಸ್ವಲ್ಪ ಸಾಕು. ಮಗ್ಗಗಳ ಸಂಖ್ಯೆ ಹೆಚ್ಚಿಸುವುದು ಕಾರ್ಖಾನೆ ಕಟ್ಟುವುದಕ್ಕಿಂತ ಸುಲಭವೆಂದು ಬುರ್ಕಿನಾದ ಅನುಭವ ತೋರಿಸಿದೆ. ಅಡ್ಡಿಯಾಗಿರುವುದು ಕೈಗಳ ನಿಧಾನಕ್ಕಿಂತ ಹೆಚ್ಚಾಗಿ ನೂಲಿನ ಬೆಲೆ, ಕಲಿಯುವ ಹುಡುಗ ಹುಡುಗಿಯರಿಗೆ ಸಿಗುವ ಅಲ್ಪ ಕೂಲಿ ಮತ್ತು ಮಧ್ಯವರ್ತಿಗಳ ಪಾಲು. ಹತ್ತಿ ಬೆಳೆಯುವ ನಾಡುಗಳಲ್ಲೇ ನೂಲುವ ಗಿರಣಿಗಳು ಗಟ್ಟಿಯಾದರೆ ಮೊದಲನೆಯದು ಸಡಿಲವಾಗುತ್ತದೆ. ಬಟ್ಟೆಯ ಮೇಲೆ ನೇಯ್ದ ಊರಿನ, ನೇಯ್ದ ಬಗೆಯ ಗುರುತು ಕಡ್ಡಾಯವಾದರೆ ಉಳಿದೆರಡೂ ಸ್ವಲ್ಪಮಟ್ಟಿಗೆ ಸರಿಹೋಗುತ್ತವೆ. ಪರದೇಶದ ರೇಷ್ಮೆ, ಗಿರಣಿಯ ಬಟ್ಟೆ, ಮದ್ರಾಸಿನ ಚೌಕುಳಿ ಎಲ್ಲವನ್ನೂ ತನ್ನ ಕ್ರಮಕ್ಕೆ ಒಗ್ಗಿಸಿಕೊಂಡ ಕಸುಬಿಗೆ ಸೋಫಾ, ಸೂಟುಗಳನ್ನು ಒಗ್ಗಿಸಿಕೊಳ್ಳುವುದು ಹೊಸ ಸವಾಲೇನಲ್ಲ. ಅದಕ್ಕೆ ಬೇಕಾದದ್ದು ಹೇಗೆ ಮಾಡಬೇಕೆಂಬ ತೀರ್ಮಾನವೂ ಮಾಡಿದ್ದರ ಬೆಲೆಯೂ ಮಾಡುವವರ ಕೈಯಲ್ಲೇ ಉಳಿಯುವ ವ್ಯವಸ್ಥೆ.